ಗೋ, ವೆಂಟ್, ಗಾನ್: ಪಟ್ಟಿಯಿಂದ ಬಿಟ್ಟುಹೋದ ಕನ್ನಡದ ಸಾಲು

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕೇಳಿ ನೋಡಿ, ಒಂದು ಪಟ್ಟಿ ತಾನಾಗಿ ಬಾಯಿಗೆ ಬರುತ್ತದೆ. ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಈಟ್, ಏಟ್, ಈಟನ್. ಮಗ್ಗಿ ಹೇಳುವ ರಾಗದಲ್ಲೇ ಇದನ್ನೂ ಹೇಳುವುದು ರೂಢಿ. ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಯಮಕನಮರಡಿಯ ಮಕ್ಕಳಿಗೂ, ಹುಕ್ಕೇರಿ, ಗೋಕಾಕ, ಮೂಡಲಗಿಯ ಮಕ್ಕಳಿಗೂ ಪರೀಕ್ಷೆ ಹತ್ತಿರ ಬಂತೆಂದರೆ ಇದೇ ಪಾಠ. ಈ ಮೂರೂ ತಾಲ್ಲೂಕುಗಳು ಸೇರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಎಸ್‌ಎಸ್‌ಎಲ್‌ಸಿಯಲ್ಲಿ ಅದಕ್ಕೆ 100 ಅಂಕ: 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ.

ಆ ಪತ್ರಿಕೆಯಲ್ಲಿ ಮಕ್ಕಳು ಹೆಚ್ಚು ಅಂಜುವುದು ಎರಡಕ್ಕೆ. ಒಂದು, ಕ್ರಿಯಾಪದದ ಸರಿಯಾದ ರೂಪ ಬರೆಯುವುದು. ಇನ್ನೊಂದು, ಗದ್ಯಭಾಗ ಓದಿ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಮೊದಲನೆಯದಕ್ಕೆ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಎರಡನೆಯದಕ್ಕೆ ಒಂದು ಉಪಾಯ ಕಲಿತಿರುತ್ತಾರೆ: ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ನೋಡು, ಆ ವಾಕ್ಯವನ್ನು ಹಾಗೇ ಇಳಿಸು. ಎರಡೂ ಕೆಲಸಗಳಲ್ಲಿ ಅರ್ಥದ ಹಂಗಿಲ್ಲ. ಪಟ್ಟಿಗೂ ಗದ್ಯಕ್ಕೂ ಸಂಬಂಧವಿದೆ ಎಂಬುದೇ ಅನೇಕ ಮಕ್ಕಳಿಗೆ ಹೊಳೆಯುವುದಿಲ್ಲ.

ಶಾಲಾ ಪಾಠಪುಸ್ತಕಗಳ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಎರಡು ಪ್ರಶ್ನೆಗಳು ಬೇರೆ ಬೇರೆ ಕಾಲದ ಎರಡು ಪದರಗಳಂತೆ ಕಾಣುತ್ತವೆ. ಅವುಗಳ ನಡುವೆ ಒಮ್ಮೆ ಕನ್ನಡ ಸೇತುವೆಯಾಗಿತ್ತು. ಆ ಸೇತುವೆಯನ್ನು ಯಾರು, ಯಾವಾಗ, ಯಾಕೆ ತೆಗೆದರು ಎಂಬುದೇ ಈ ಬರಹದ ವಿಷಯ.

ಕಥೆಯನ್ನು ತಿರುಗಿಸಿ ಆರಂಭಿಸೋಣ. ಮೊದಲು ಪರೀಕ್ಷೆಗೆ ಕೂತವರು ನಾವಲ್ಲ, ಸಾಹೇಬರು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಬೆಳಗಾವಿ, ಧಾರವಾಡದ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕಂದಾಯ ವಸೂಲಿ ಮಾಡಲು, ಕಚೇರಿ ನಡೆಸಲು ಬಂದ ಅಧಿಕಾರಿಗಳು ಇಲ್ಲಿಯ ಭಾಷೆ ಕಲಿಯಬೇಕಿತ್ತು, ಕಲಿತು ಪರೀಕ್ಷೆ ಕೊಡಬೇಕಿತ್ತು. ವಿಲಿಯಂ ಕೇರಿ 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. 1820ರಲ್ಲಿ ಮದರಾಸಿನಿಂದ ಜಾನ್ ಮೆಕೆರಲ್‌ನ ವ್ಯಾಕರಣ ಬಂತು. 1859ರಲ್ಲಿ ಬೆಂಗಳೂರಿನಿಂದ ಥಾಮಸ್ ಹಾಡ್ಸನ್‌ನ ವ್ಯಾಕರಣ ಬಂತು. ಇವು ಕನ್ನಡದ ಕ್ರಿಯಾಪದವನ್ನು ಇಂಗ್ಲಿಷಿನಲ್ಲಿ ವಿವರಿಸುವ ಪುಸ್ತಕಗಳು. ‘ಮಾಡುತ್ತೇನೆ’ ಅಂದರೆ ಇಂಗ್ಲಿಷಿನಲ್ಲಿ ಯಾವ ಕಾಲ, ‘ಮಾಡಿದ್ದೇನೆ’ ಅಂದರೆ ಯಾವುದು ಎಂದು ತಮ್ಮ ಭಾಷೆಯ ಅಳತೆಗೋಲನ್ನು ಪಕ್ಕಕ್ಕಿಟ್ಟುಕೊಂಡೇ ಅವರು ನಮ್ಮ ನುಡಿ ಕಲಿತರು. ಧಾರವಾಡದಲ್ಲಿದ್ದು ಕನ್ನಡ ಶಾಸನಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್‌ನಂಥ ಅಧಿಕಾರಿಗಳು ಬೆಳೆದುಬಂದದ್ದು ಇಂಥ ವಾತಾವರಣದಲ್ಲಿ. ಸಾಹೇಬ ಕನ್ನಡ ಕಲಿಯುವಾಗ ಅವನ ತಲೆಯಲ್ಲಿನ ಇಂಗ್ಲಿಷನ್ನು ಯಾರೂ ಹೊರಗೆ ಬಿಟ್ಟು ಬಾ ಅನ್ನಲಿಲ್ಲ. ಇದನ್ನು ನೆನಪಿಡಬೇಕು.

ನಮ್ಮವರ ಕಡೆ ಬಂದರೆ, ಬೆಳಗಾವಿ ಜಿಲ್ಲೆಯಲ್ಲಿ ಇಂಗ್ಲಿಷಿಗಿಂತ ಮೊದಲು ಕನ್ನಡವೇ ಶಾಲೆಯೊಳಗೆ ಜಾಗ ಹುಡುಕಬೇಕಾಯಿತು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಈ ಸೀಮೆಯ ಸರಕಾರಿ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡ ಆಡುವ ಹುಡುಗ ಶಾಲೆಯಲ್ಲಿ ಮರಾಠಿ ಓದುವ ಸ್ಥಿತಿ. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯಲ್ಲಿದ್ದು ಕನ್ನಡ ಶಾಲೆಗಳಿಗಾಗಿ ದುಡಿದ ಕಾಲ ಅದು. ಅದೇ ಚನ್ನಬಸಪ್ಪನವರು ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. ಇಂಗ್ಲಿಷ್ ಕಲಿಯುವುದೂ ಕನ್ನಡ ಕಟ್ಟುವುದೂ ಆ ತಲೆಮಾರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ.

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿತು, 1859ರಲ್ಲಿ ಅದರ ಮೊದಲ ಮೆಟ್ರಿಕ್ ಪರೀಕ್ಷೆ ನಡೆಯಿತು. ಅಲ್ಲಿಂದ ಹಳ್ಳಿಯ ಹುಡುಗನ ಮುಂದೆ ಎರಡು ದಾರಿ ಸ್ಪಷ್ಟವಾದವು. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದವನು ಕನ್ನಡ ಶಾಲೆಯಲ್ಲೇ ಮುಂದುವರಿದರೆ ಏಳನೆಯದಕ್ಕೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದು, ತಲಾಠಿಯಾಗಬಹುದು. ಇನ್ನೊಂದು ದಾರಿ ಆಂಗ್ಲೋ ವರ್ನ್ಯಾಕ್ಯುಲರ್ ಶಾಲೆ. ಅಲ್ಲಿ ಮತ್ತೆ ಇಂಗ್ಲಿಷ್ ಒಂದನೆಯ ಇಯತ್ತೆಯಿಂದ ಆರಂಭಿಸಿ ಏಳನೆಯದಕ್ಕೆ ಮೆಟ್ರಿಕ್. ಅದು ಪಾಸಾದರೆ ಕಾಲೇಜು, ವಕೀಲಿ, ಮೇಲಿನ ನೌಕರಿ. ನಮ್ಮ ಭಾಗದ ಹಿರಿಯರು ಇಂದಿಗೂ ‘ಮುಲ್ಕಿ ಕಲಿತಾವ’, ‘ಮೆಟ್ರಿಕ್ ಆದಾವ’ ಎಂದು ಬೇರೆ ಬೇರೆಯಾಗಿ ಹೇಳುವುದರ ಹಿಂದೆ ಈ ಕವಲು ಇದೆ.

ಎರಡನೆಯ ದಾರಿ ಕನ್ನಡಿಗರಿಗೆ ತೆರೆಯಬೇಕೆಂಬ ಹಂಬಲದಿಂದಲೇ 1916ರ ನವೆಂಬರ್ 13ರಂದು ಏಳು ಜನ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಆರಂಭಿಸಿದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಅವರಲ್ಲಿದ್ದರು. ಮೊದಲು ತೆರೆದದ್ದು ಒಂದು ಆಂಗ್ಲೋ ವರ್ನ್ಯಾಕ್ಯುಲರ್ ಶಾಲೆ, ಇಂದಿನ ಗಿಲಗಂಚಿ ಅರಟಾಳ ಹೈಸ್ಕೂಲು. ಯಮಕನಮರಡಿಯ ನೆರೆಯ ವಂಟಮುರಿಯ ಸಂಸ್ಥಾನಿಕ ರಾಜಾ ಲಖಮಗೌಡರ ಹೆಸರು ಘಟಪ್ರಭೆಯ ಹಿಡಕಲ್ ಅಣೆಕಟ್ಟಿಗೂ ಇದೆ, ಬೆಳಗಾವಿಯ ಕೆಎಲ್‌ಇ ವಿಜ್ಞಾನ ಕಾಲೇಜಿಗೂ ಇದೆ. ನೀರು ಮತ್ತು ಇಂಗ್ಲಿಷ್ ಶಿಕ್ಷಣ ಎರಡನ್ನೂ ಈ ಸೀಮೆ ಒಂದೇ ಬಾಯಾರಿಕೆಯಿಂದ ಬಯಸಿತು ಎನ್ನಬಹುದು.

ಆ ಶಾಲೆಗಳ ಕಾಲದಲ್ಲಿ ಇಂಗ್ಲಿಷ್ ಪಾಠವೆಂದರೆ ಮುಖ್ಯವಾಗಿ ಭಾಷಾಂತರ. ಮರಾಠಿಯಲ್ಲಿ ತರ್ಖಡಕರ ಭಾಷಾಂತರ ಪಾಠಮಾಲೆ ಮನೆಮಾತಾಗಿತ್ತು. ತಾಯ್ನುಡಿಯ ವಾಕ್ಯ ಎಡಕ್ಕೆ, ಇಂಗ್ಲಿಷ್ ವಾಕ್ಯ ಬಲಕ್ಕೆ, ನಡುವೆ ನಿಯಮ. ಈ ಕ್ರಮಕ್ಕೆ ದೋಷಗಳಿದ್ದವು. ಮಾತಾಡಲು ಬಾರದು, ಪುಸ್ತಕದ ಇಂಗ್ಲಿಷು, ಬಾಯಿಪಾಠ ಬಹಳ. ಆದರೆ ಒಂದು ಗುಣವಿತ್ತು. ‘ವೆಂಟ್’ ಅಂದರೆ ‘ಹೋದ’, ‘ಹ್ಯಾಡ್ ಗಾನ್’ ಅಂದರೆ ‘ಹೋಗಿದ್ದ’ ಎಂಬುದು ಹುಡುಗನಿಗೆ ಗೊತ್ತಿರುತ್ತಿತ್ತು. ಕ್ರಿಯಾಪದದ ಪಟ್ಟಿಯೂ ಓದುವ ಗದ್ಯವೂ ಭಾಷಾಂತರದ ಹಗ್ಗದಿಂದ ಕಟ್ಟಿಕೊಂಡಿದ್ದವು.

ಈ ಹಗ್ಗವನ್ನು ಕತ್ತರಿಸಿದ ಮೊದಲ ಚಳವಳಿ ‘ಡೈರೆಕ್ಟ್ ಮೆಥಡ್’. ಯುರೋಪಿನಲ್ಲಿ ಹುಟ್ಟಿದ ಈ ಪದ್ಧತಿಯ ತತ್ವ ಸರಳ: ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸು, ತಾಯ್ನುಡಿ ದೂರವಿರಲಿ. ಮುಂಬಯಿ ಪ್ರಾಂತದಲ್ಲಿ ಅದಕ್ಕಾಗಿ ವಾದಿಸಿದವರಲ್ಲಿ ಪಿ.ಸಿ. ರೆನ್ ಒಬ್ಬ. ಆಗ ಇದೇ ಪ್ರಾಂತಕ್ಕೆ ಸೇರಿದ್ದ ಕರಾಚಿಯಲ್ಲಿ ಶಿಕ್ಷಣ ಇಲಾಖೆಯ ನೌಕರಿಯಲ್ಲಿದ್ದ ಅವನು 1911ರಲ್ಲಿ ಭಾರತದ ಶಾಲೆಗಳಲ್ಲಿ ಇಂಗ್ಲಿಷಿನ ನೇರ ಬೋಧನೆಯ ಬಗ್ಗೆ ಪುಸ್ತಕ ಬರೆದ. ಮುಂದೆ ‘ಬೋ ಜೆಸ್ಟ್’ ಎಂಬ ಕಾದಂಬರಿಯಿಂದ ಜಗತ್ತಿಗೆ ಹೆಸರಾದವನೂ ಇವನೇ. ವಿಪರ್ಯಾಸ ನೋಡಿ. ನಮ್ಮ ಶಾಲೆಗಳಲ್ಲಿ ಅವನ ಹೆಸರು ಉಳಿದದ್ದು ನೇರ ಬೋಧನೆಯಿಂದಲ್ಲ, 1930ರ ದಶಕದಲ್ಲಿ ಬಂದ ‘ರೆನ್ ಆ್ಯಂಡ್ ಮಾರ್ಟಿನ್’ ವ್ಯಾಕರಣದಿಂದ. ನಿಯಮ, ಪಟ್ಟಿ, ಅಭ್ಯಾಸ, ಮತ್ತೆ ನಿಯಮ. ಇಂಗ್ಲಿಷ್ ಮನೆಮಾತಾಗಿದ್ದ ಮಕ್ಕಳಿಗೂ ಹೊಂದುವಂಥ ಪುಸ್ತಕ. ಅದರಲ್ಲಿ ಕನ್ನಡದ ಸಾಲಾಗಲಿ ಮರಾಠಿಯ ಸಾಲಾಗಲಿ ಇರುವ ಪ್ರಶ್ನೆಯೇ ಇರಲಿಲ್ಲ. ಹೀಗೆ ಪಟ್ಟಿ ಉಳಿಯಿತು, ಪಕ್ಕದ ತಾಯ್ನುಡಿ ಹೋಯಿತು.

ಅದೇ ಕಾಲಕ್ಕೆ ದೇಶದ ಇನ್ನೊಂದು ಮೂಲೆಯಲ್ಲಿ ಬೇರೆಯದೇ ಯೋಚನೆ ನಡೆದಿತ್ತು. ಢಾಕಾದಲ್ಲಿದ್ದ ಮೈಕೇಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ಅಧ್ಯಯನವೊಂದನ್ನು ಪ್ರಕಟಿಸಿದ. ಹೆಚ್ಚಿನ ಮಕ್ಕಳು ಶಾಲೆಯನ್ನು ಅರ್ಧಕ್ಕೇ ಬಿಡುತ್ತಾರೆ, ಹಾಗಾದರೆ ಅವರು ಕಲಿತ ಇಂಗ್ಲಿಷಿನಿಂದ ಅವರಿಗೆ ಏನು ದಕ್ಕಿತು ಎಂಬುದು ಅವನ ಪ್ರಶ್ನೆ. ಇದಕ್ಕೆ ಅವನು ವಿಮೆಯ ಮಾತೊಂದನ್ನು ಬಳಸಿದ: ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿಯ ಕಂತನ್ನು ನಡುವೆ ನಿಲ್ಲಿಸಿದರೆ ಕೈಗೆ ಬರುವ ಹಣಕ್ಕೆ ನಾವೂ ಇದೇ ಪದ ಬಳಸುತ್ತೇವೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕೆ ಹೋದ ಹುಡುಗನ ಇಂಗ್ಲಿಷಿಗೆ ಎಷ್ಟು ಸರೆಂಡರ್ ವ್ಯಾಲ್ಯೂ ಇದೆ? ಮಾತಾಡಲು ಅವನಿಗೆ ಯಾರೂ ಸಿಗುವುದಿಲ್ಲ, ಬರೆಯುವ ಸಂದರ್ಭವೂ ಇಲ್ಲ. ಆದರೆ ಓದಲು ಬಂದರೆ ಅದು ಉಳಿಯುತ್ತದೆ. ಆದ್ದರಿಂದ ಮೊದಲು ಓದು ಎಂದ ವೆಸ್ಟ್. ಪದಗಳನ್ನು ಎಣಿಸಿ, ಕಡಿಮೆ ಪದಗಳಲ್ಲಿ ಕಥೆ ಬರೆಸಿ, ಕೊನೆಗೆ ಪ್ರಶ್ನೆ ಕೇಳುವ ವಾಚಕಗಳನ್ನು ಸಿದ್ಧಪಡಿಸಿದ. ನಮ್ಮ ಪ್ರಶ್ನೆಪತ್ರಿಕೆಯ ಗದ್ಯಭಾಗ ಈ ಯೋಚನೆಗೆ ಹತ್ತಿರದ ಸಂಬಂಧಿ. ಅರ್ಥ ಮಾಡಿಕೊಂಡು ಓದಲು ಬಂದರೆ ಸಾಕು ಎಂಬ ಕರುಣೆಯಿಂದ ಹುಟ್ಟಿದ್ದು, ವಾಕ್ಯ ಇಳಿಸುವ ಕಸರತ್ತಾಗಿ ನಮಗೆ ತಲುಪಿತು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯ ಬಿ.ಜಿ. ಖೇರ್ ಸರಕಾರ ಐದರಿಂದ ಏಳನೆಯ ತರಗತಿಯವರೆಗಿನ ಇಂಗ್ಲಿಷನ್ನು ತೆಗೆದು ಎಂಟನೆಯದರಿಂದ ಆರಂಭಿಸಿತು. ಮಗುವಿನ ಮೊದಲ ಏಳು ವರ್ಷ ತಾಯ್ನುಡಿಗೆ ಮೀಸಲಾದವು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿತು. ನಡುವಿನ ಆ ವರ್ಷಗಳಲ್ಲಿ ಇಲ್ಲಿ ಓದಿದವರು ಇಂಗ್ಲಿಷನ್ನು ತಡವಾಗಿ ಕಂಡ ತಲೆಮಾರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾಕದ ಹೈಸ್ಕೂಲಿನಲ್ಲಿ ಓದಿದ ಚಂದ್ರಶೇಖರ ಕಂಬಾರರು ಅದೇ ಕಾಲದ ವಿದ್ಯಾರ್ಥಿ. ಮುಂದೆ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದರು. ಒಬ್ಬರ ಉದಾಹರಣೆಯಿಂದ ನೀತಿಯನ್ನು ಅಳೆಯಲಾಗದು. ಆದರೆ ಬೇಗ ಆರಂಭಿಸಿದರೆ ಮಾತ್ರ ಇಂಗ್ಲಿಷ್ ಬರುತ್ತದೆ ಎಂಬ ಇಂದಿನ ನಂಬಿಕೆಯನ್ನು ಒಮ್ಮೆ ನಿಲ್ಲಿಸಿ ಪ್ರಶ್ನಿಸಲು ಅಷ್ಟು ಸಾಕು.

ಐವತ್ತು, ಅರವತ್ತರ ದಶಕಗಳಲ್ಲಿ ‘ಸ್ಟ್ರಕ್ಚರಲ್ ಅಪ್ರೋಚ್’ ಬಂತು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದನ್ನೂ ಹತ್ತಾರು ಸಲ ಹೇಳಿಸುವ ಕ್ರಮ. 1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಗೆ ಕೇಂದ್ರೀಯ ಸಂಸ್ಥೆಯೊಂದು ಆರಂಭವಾಯಿತು, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಹೈದರಾಬಾದಿನ ಸಂಸ್ಥೆಯ ನಿರ್ದೇಶಕರಾದವರು ವಿನಾಯಕ ಕೃಷ್ಣ ಗೋಕಾಕರು. ಹುಟ್ಟಿದ್ದು ಸವಣೂರಿನಲ್ಲಾದರೂ ಹೆಸರಿನಲ್ಲಿ ನಮ್ಮ ಪಕ್ಕದ ಊರನ್ನು ಹೊತ್ತವರು. ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕ, ಕನ್ನಡದ ದೊಡ್ಡ ಕವಿ. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಅದನ್ನು ಜಾರಿಗೆ ತರಬೇಕೆಂದು 1982ರಲ್ಲಿ ಡಾ. ರಾಜಕುಮಾರ್ ಸೇರಿದಂತೆ ಇಡೀ ನಾಡು ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಪ್ರಥಮ ಭಾಷೆಗೆ 125 ಅಂಕ, ಉಳಿದ ಎರಡಕ್ಕೆ ನೂರು ನೂರು ಎಂಬ ಇಂದಿನ ಲೆಕ್ಕ ಆ ಹೋರಾಟದ ಕಾಲದ ಉಳಿಕೆ. ನಾವು ಭಾಷೆಗಳ ನಡುವೆ ಅಂಕಗಳನ್ನು ಹಂಚಿದೆವು. ಒಂದು ಭಾಷೆಯ ತರಗತಿಯೊಳಗೆ ಇನ್ನೊಂದು ಭಾಷೆಗೆ ಏನು ಕೆಲಸ ಎಂಬ ಪ್ರಶ್ನೆ ಹಾಗೇ ಉಳಿಯಿತು.

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮುಂತಾದ ಕಡೆ ನಡೆದ ಪ್ರಯೋಗವನ್ನು ಜಗತ್ತಿನ ಭಾಷಾಬೋಧಕರು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಇಂದಿಗೂ ಓದುತ್ತಾರೆ. ವ್ಯಾಕರಣವನ್ನು ನೇರವಾಗಿ ಕಲಿಸುವುದು ಬೇಡ, ರೈಲಿನ ವೇಳಾಪಟ್ಟಿ ಕೊಡಿ, ನಕ್ಷೆ ಕೊಡಿ, ಸಮಸ್ಯೆ ಬಿಡಿಸಲು ಹೇಳಿ. ಮನಸ್ಸು ಅರ್ಥದ ಮೇಲಿದ್ದಾಗ ರೂಪ ತಾನಾಗಿ ಕೂಡುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಇದರ ಬಗ್ಗೆ ಅವರ ಪುಸ್ತಕ ಬಂತು. ಹೊರದೇಶಗಳಲ್ಲಿ ಇದು ಹೊಸ ಪಂಥವನ್ನೇ ಹುಟ್ಟಿಸಿತು. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬುವುದು ಮುಂದುವರಿಯಿತು. ಕಾರಣ ಗುಟ್ಟೇನಲ್ಲ. ಲಕ್ಷಾಂತರ ಉತ್ತರಪತ್ರಿಕೆ ತಿದ್ದುವವರಿಗೆ ‘ವೆಂಟ್’ ಸರಿ, ‘ಗೋಡ್’ ತಪ್ಪು ಎನ್ನುವುದು ಸುಲಭ. ಎಷ್ಟು ಪದ್ಧತಿಗಳು ಬಂದು ಹೋದರೂ ಪಟ್ಟಿ ಉಳಿದದ್ದು ಅದಕ್ಕೆ ಅಂಕ ಹಾಕಲು ಬರುತ್ತದೆ ಎಂಬ ಕಾರಣಕ್ಕೆ.

2007ರಲ್ಲಿ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ತೆರೆದವು. ಖೇರ್ ಅವರ ಎಂಟನೆಯ ತರಗತಿಯಿಂದ ಒಂದನೆಯ ತರಗತಿಗೆ, ಅಲ್ಲಿಂದ ಮಾಧ್ಯಮಕ್ಕೆ. ಚರ್ಚೆಯೆಲ್ಲ ಯಾವಾಗ ಆರಂಭಿಸಬೇಕು ಎಂಬುದರ ಸುತ್ತ ನಡೆಯಿತು. ಹೇಗೆ ಎಂಬುದು ಹಿಂದೆ ಬಿತ್ತು.

ಈಗ ಯಮಕನಮರಡಿಯ ಮಗುವಿನ ಬಾಯಿಗೆ ಬರೋಣ. ಆ ಮಗು ಶಾಲೆಗೆ ಬರುವಾಗಲೇ ಕ್ರಿಯಾಪದದ ಒಂದು ದೊಡ್ಡ ಪಟ್ಟಿಯನ್ನು ಹೊತ್ತು ತಂದಿರುತ್ತದೆ. ಕೊಡು, ಕೊಟ್ಟ. ಬಿಡು, ಬಿಟ್ಟ. ಸುಡು, ಸುಟ್ಟ. ನಗು, ನಕ್ಕ. ಸಿಗು, ಸಿಕ್ಕ. ಬರು, ಬಂದ. ಕಾಣು, ಕಂಡ. ‘ಕೊಡಿದ’ ಅನ್ನಬಾರದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಧಾತುವಿಗೆ ಒಂದು ಪ್ರಕರಣ, ಆಖ್ಯಾತಕ್ಕೆ ಒಂದು ಪ್ರಕರಣ ಮೀಸಲಿಟ್ಟದ್ದು ಈ ಜಟಿಲತೆಯನ್ನು ಕಂಡೇ. ‘ಸಿಂಗ್, ಸ್ಯಾಂಗ್, ಸಂಗ್’ ಯಾಕೆ ಹೀಗೆ ಎಂದು ಮಗು ಕೇಳಿದರೆ, ‘ನಗು, ನಕ್ಕ’ ಯಾಕೆ ಹಾಗೆ ಎಂದು ಮರುಪ್ರಶ್ನೆ ಹಾಕಬಹುದು. ಭಾಷೆಗಳ ಹಳೆಯ, ಹೆಚ್ಚು ಬಳಕೆಯ ಕ್ರಿಯಾಪದಗಳೇ ಹಟಮಾರಿಗಳು ಎಂಬುದು ಆಗ ಮಗುವಿಗೆ ತಾನೇ ತಿಳಿಯುತ್ತದೆ.

ಇನ್ನೂ ಮುಖ್ಯವಾದದ್ದು ಕಾಲದ ಮಾತು. ಮಳೆಗಾಲದಲ್ಲಿ ಘಟಪ್ರಭೆ ಉಕ್ಕುವುದು ಈ ಭಾಗಕ್ಕೆ ಹೊಸದಲ್ಲ, 2019ರ ಆಗಸ್ಟಿನಲ್ಲಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತ್ತು. ‘ಹೊಳಿ ಏರಾಕತ್ತೈತಿ’ ಅಂದರೆ ನೀರು ಈಗ ಏರುತ್ತಿದೆ, ಇನ್ನೂ ದಾಟಬಹುದೇನೋ. ‘ಹೊಳಿ ಏರೈತಿ’ ಅಂದರೆ ಏರಿ ನಿಂತಿದೆ, ಈಗ ಹೋಗಬೇಡ. ‘ಹೋದ ವರ್ಷ ಹೊಳಿ ಏರಿತು’ ಅಂದರೆ ಅದು ಆಗಿ ಮುಗಿದ ಸುದ್ದಿ. ‘ನಾವು ದಂಡಿಗಿ ಬರೂದ್ರಾಗ ಹೊಳಿ ಏರಿತ್ತು’ ಅಂದರೆ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬುದು ಸ್ಪಷ್ಟ. ಇಂಗ್ಲಿಷ್ ವ್ಯಾಕರಣದ ಪ್ರೆಸೆಂಟ್ ಕಂಟಿನ್ಯೂಯಸ್, ಪ್ರೆಸೆಂಟ್ ಪರ್ಫೆಕ್ಟ್, ಸಿಂಪಲ್ ಪಾಸ್ಟ್, ಪಾಸ್ಟ್ ಪರ್ಫೆಕ್ಟ್ ನಾಲ್ಕಕ್ಕೂ ಹೊಂದುವ ರೂಪಗಳು ಇಲ್ಲಿವೆ. ‘ಈಸ್ ರೈಸಿಂಗ್’, ‘ಹ್ಯಾಸ್ ರಿಸನ್’, ‘ರೋಸ್’, ‘ಹ್ಯಾಡ್ ರಿಸನ್’. ರೈಸ್, ರೋಸ್, ರಿಸನ್ ಎಂದು ನೂರು ಸಲ ಹೇಳಿದ ಮಗುವಿಗೆ ಗದ್ಯಭಾಗದ ‘ಹ್ಯಾಡ್ ರಿಸನ್’ ಕಂಡಾಗ ಯಾವುದು ಮೊದಲು ನಡೆಯಿತು ಎಂಬ ಪ್ರಶ್ನೆಗೆ ಉತ್ತರ ತೋಚದಿರುವುದು, ತನಗೆ ಗೊತ್ತಿರುವ ‘ಏರಿತ್ತು’ವಿಗೂ ಅದಕ್ಕೂ ನಂಟಿದೆ ಎಂದು ಯಾರೂ ಹೇಳದೇ ಇದ್ದುದರಿಂದ. ಪಟ್ಟಿ ಮತ್ತು ಗದ್ಯ ಕೂಡುವ ಜಾಗ ಇದೇ.

‘ಡಿಡ್ ನಾಟ್ ವೆಂಟ್’ ಎಂಬ ತಪ್ಪು ಎಲ್ಲ ಶಿಕ್ಷಕರಿಗೂ ಪರಿಚಿತ. ಇದಕ್ಕೂ ಮದ್ದು ಕನ್ನಡದಲ್ಲೇ ಇದೆ. ‘ಹೋದ’ ಎಂಬುದನ್ನು ನಿಷೇಧಿಸುವಾಗ ನಾವು ‘ಹೋದಲಿಲ್ಲ’ ಅನ್ನುವುದಿಲ್ಲ, ‘ಹೋಗಲಿಲ್ಲ’ ಅನ್ನುತ್ತೇವೆ. ಭೂತಕಾಲದ ರೂಪ ಮಾಯವಾಗಿ ಮೂಲಧಾತು ಹಿಂತಿರುಗುತ್ತದೆ. ಇಂಗ್ಲಿಷೂ ಅದನ್ನೇ ಮಾಡುತ್ತದೆ. ಒಂದು ನಿಮಿಷದ ಹೋಲಿಕೆ ವರ್ಷಗಟ್ಟಲೆ ಕೆಂಪು ಶಾಯಿ ಉಳಿಸಬಹುದು.

ಎಲ್ಲವೂ ಹೀಗೆ ಹೊಂದುವುದಿಲ್ಲ ನಿಜ. ‘ಸಂತೀಗಿ ಹೋಗಿ, ಕಾಯಿಪಲ್ಲೆ ತಂದು, ಅಡಿಗಿ ಮಾಡಿದೆ’ ಎಂಬಲ್ಲಿ ಕನ್ನಡ ಕೊನೆಯ ಕ್ರಿಯಾಪದಕ್ಕೆ ಮಾತ್ರ ಕಾಲ ಹಚ್ಚುತ್ತದೆ. ಇಂಗ್ಲಿಷ್ ಮೂರಕ್ಕೂ ಹಚ್ಚಬೇಕು ಅನ್ನುತ್ತದೆ. ಮಗು ಮೊದಲೆರಡನ್ನು ವರ್ತಮಾನದಲ್ಲಿ ಬಿಟ್ಟು ಕೊನೆಯದನ್ನು ಮಾತ್ರ ಭೂತದಲ್ಲಿ ಬರೆದರೆ ಅದು ದಡ್ಡತನವಲ್ಲ, ಕನ್ನಡದ ತರ್ಕ. ಕನ್ನಡದ ಕ್ರಿಯಾಪದ ನಾನು, ನೀನು, ಅವನು, ಅವಳು ಎಲ್ಲರಿಗೂ ಬೇರೆ ಬೇರೆ ತುದಿ ಪಡೆಯುತ್ತದೆ. ಇಂಗ್ಲಿಷಿನಲ್ಲಿ ‘ಗೋಸ್’ ಎಂಬ ಒಂದೇ ಒಂದು ತುದಿ, ಅದನ್ನೇ ಮಗು ಮರೆಯುತ್ತದೆ. ಹೊಂದದ ಕಡೆಗಳನ್ನೂ ಹೆಸರಿಟ್ಟು ತೋರಿಸಿದರೆ ತಪ್ಪಿಗೆ ಒಂದು ಕಾರಣ ಸಿಗುತ್ತದೆ. ಕಾರಣ ಸಿಕ್ಕ ತಪ್ಪು ನಾಚಿಕೆಯಾಗಿ ಉಳಿಯುವುದಿಲ್ಲ.

ನಾಚಿಕೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ‘ಏರೈತಿ’, ‘ಬಂದೀನಿ’, ‘ಮಾಡಾಕತ್ತೇನಿ’ ಎಂಬ ಮಾತು ಕನ್ನಡ ಪಾಠಪುಸ್ತಕದಲ್ಲೂ ಇಲ್ಲ. ಅಲ್ಲಿ ‘ಏರಿದೆ’, ‘ಬಂದಿದ್ದೇನೆ’, ‘ಮಾಡುತ್ತಿದ್ದೇನೆ’. ಹೀಗಾಗಿ ಗಡಿಭಾಗದ ಮಗು ಎರಡು ಸಲ ತನ್ನ ನಾಲಗೆಯನ್ನು ಹೊಸಿಲಾಚೆ ಬಿಟ್ಟು ಬರಬೇಕು: ಒಮ್ಮೆ ಕನ್ನಡದ ತರಗತಿಯಲ್ಲಿ, ಒಮ್ಮೆ ಇಂಗ್ಲಿಷಿನದರಲ್ಲಿ. ಮಕ್ಕಳ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ಬಳಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿ ಎರಡು ದಶಕ ಕಳೆದಿವೆ.

ಭಾಷಾಂತರ ಪದ್ಧತಿಗೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ಅದರಲ್ಲೂ ಮಗು ಮಾತಾಡಲಿಲ್ಲ. ಕೇಳುತ್ತಿರುವುದು ಚಿಕ್ಕದು. ಗೋಡೆಗೆ ಅಂಟಿಸಿದ ಆ ಮೂರು ಕಾಲಮ್ಮಿನ ಪಟ್ಟಿಗೆ ನಾಲ್ಕನೆಯದೊಂದು ಸೇರಲಿ, ಅದನ್ನು ಮಕ್ಕಳೇ ತಮ್ಮ ಊರಿನ ಮಾತಿನಲ್ಲಿ ತುಂಬಲಿ. ಗದ್ಯಭಾಗ ಓದಿದ ಮೇಲೆ ಉತ್ತರ ಇಳಿಸುವ ಮೊದಲು ‘ಏನಾತು?’ ಎಂದು ಒಂದು ಸಲ ಕೇಳಲಿ, ಮಕ್ಕಳು ಕನ್ನಡದಲ್ಲೇ ಹೇಳಲಿ. ಇದಕ್ಕೆ ಹೊಸ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ಎರಡು ಶತಮಾನದ ಹಿಂದೆ ಕನ್ನಡ ಕಲಿಯಲು ಕೂತ ಇಂಗ್ಲಿಷ್ ಅಧಿಕಾರಿಗೆ ದೊರೆತಿದ್ದ ಸೌಲಭ್ಯ ಇಷ್ಟೇ. ತನ್ನ ಭಾಷೆಯನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೊಂದನ್ನು ಕಲಿಯುವ ಹಕ್ಕು. ಅದು ಯಮಕನಮರಡಿಯ ಹತ್ತನೆಯ ತರಗತಿಯ ಹುಡುಗಿಗೂ ಸಿಗಬೇಕು.